ಹಳೇ ಫೋಟೋದಲ್ಲಿರುವ ಕೋಟು ಯಾರದ್ದು?

ಅಟ್ಟದ ಟ್ರಂಕಿನಲ್ಲಿ ಒಂದು ಹಳೇ ಸ್ಟುಡಿಯೋ ಫೋಟೋ ಸಿಕ್ಕಿದರೆ ಸಾಕು, ‘ನಮ್ಮ ಮುತ್ತಜ್ಜ ಜಮೀನ್ದಾರರು’ ಅಂತ ಫ್ಯಾಮಿಲಿ ಗ್ರೂಪಿಗೆ ಹಾಕಿಬಿಡುತ್ತಾರೆ. ಕೋಟು, ಪೇಟ, ವಾಚಿನ ಸರಪಳಿ ಕಂಡಿತಲ್ಲ! ಸ್ವಲ್ಪ ನಿಧಾನ.

1. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಅಂಚು ಹಿಡಿದು ತಿರುಗಿಸಿ, ಹಿಂದೆ ಸ್ಟುಡಿಯೋ ಹೆಸರು, ಊರು ಇದ್ದರೆ ಬರೆದುಕೊಳ್ಳಿ. 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಶನ್ ಬೇಡವೇ ಬೇಡ. ನಾನು ಒಮ್ಮೆ ಮಾಡಿಸಿದೆ. ಅಜ್ಜಿಯ ಮುಖದ ಮೇಲೆಲ್ಲ ಗುಳ್ಳೆ.

2. ಬಣ್ಣ ಊಹಿಸುವಾಗ ಹುಷಾರು. 1930ರ ದಶಕಕ್ಕೆ ಮೊದಲಿನ ಬಹುಪಾಲು ಪ್ಲೇಟುಗಳಿಗೆ, ಅಂದರೆ ಫೋಟೋ ಮೂಡುವ ಗಾಜಿನ ಹಲಗೆಗಳಿಗೆ, ಕೆಂಪು ಕಾಣುತ್ತಿರಲಿಲ್ಲ. ಕುಂಕುಮ, ಕೆಂಪು ಸೀರೆ ಕಪ್ಪಾಗಿ ಬರುತ್ತಿದ್ದವು, ನೀಲಿ ಬೆಳ್ಳಗೆ. ‘ಕಪ್ಪು ಸೀರೆ’ಯ ಮದುಮಗಳು ಉಟ್ಟಿದ್ದು ಕೆಂಪು ಧಾರೆ ಸೀರೆಯೇ ಇರಬಹುದು. ಬಣ್ಣ ತುಂಬುವ ಆ್ಯಪ್‌ಗಳದ್ದು ಬರೀ ಅಂದಾಜು.

3. ಈಗ ಬಟ್ಟೆ. ಎಲ್ಲರೂ ಎಡವುವುದು ಇಲ್ಲೇ. ಎಷ್ಟೋ ಸ್ಟುಡಿಯೋಗಳಲ್ಲಿ ಗಿರಾಕಿಗಳಿಗೆಂದೇ ಕೋಟು, ಟೈ ಇಟ್ಟಿರುತ್ತಿದ್ದರು. ಮೇಜಿನ ಮೇಲಿನ ಪುಸ್ತಕ, ಹೂದಾನಿ, ಪರದೆಯಲ್ಲಿ ಬರೆದ ಕಂಬ, ಮೆಟ್ಟಿಲು ಎಲ್ಲ ಅವರದ್ದೇ. ಕೋಟು ಮೈಗೆ ಕೂತಿದೆಯಾ ನೋಡಿ. ಭುಜದ ಹೊಲಿಗೆ ತೋಳಿಗೆ ಜಾರಿದೆಯಾ? ತೋಳಿನ ತುದಿ ಬೆರಳ ಗೆಣ್ಣು ಮುಟ್ಟಿದೆಯಾ? ಗುಂಡಿ ಹಾಕಿದ ಕಡೆ ಬಟ್ಟೆ ಬಿಗಿದು ಸುಕ್ಕು ಬಿದ್ದಿದೆಯಾ? ಹಾಗಿದ್ದರೆ ಅದು ಎರವಲು ಕೋಟು ಅಂತ ನಾನಂತೂ ಹೇಳಿಬಿಡುತ್ತೇನೆ. ಪಂಚೆಯ ಮೇಲೆ ಚೌಕ ಚೌಕವಾಗಿ ಮಡಿಕೆಯ ಗೆರೆ ಇದ್ದರೆ, ಪೆಟ್ಟಿಗೆಯಿಂದ ಅವತ್ತೇ ತೆಗೆದು ಉಟ್ಟಿದ್ದಾರೆ.

ಆಮೇಲೆ ಕೈ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಸುಕ್ಕು ಮರೆಮಾಡುವುದು ಸ್ಟುಡಿಯೋದವರಿಗೆ ಮಾಮೂಲಿ ಕೆಲಸ. ಕೈಗೆ ಅಷ್ಟು ಮುತುವರ್ಜಿ ಇರುತ್ತಿರಲಿಲ್ಲ. ಭೂತಗನ್ನಡಿ ಹಿಡಿಯಿರಿ. ದಪ್ಪ ಗೆಣ್ಣು, ಸವೆದ ಉಗುರು, ಎದ್ದು ಕಾಣುವ ನರ ಸಿಕ್ಕರೆ ಅದು ದುಡಿದ ಕೈ. ಮುಖ ‘ಕ್ಲಿಯರ್’ ಮಾಡುವ ಆ್ಯಪ್ ಬಳಸಿದರೆ ಇದೆಲ್ಲ ನುಣ್ಣಗಾಗಿ ಹೋಗುತ್ತದೆ. ಬರಿಗಾಲು ನೋಡಿ ಬಡವರು ಅಂತ ಮಾತ್ರ ತೀರ್ಮಾನಿಸಬೇಡಿ, ಉಳ್ಳವರೂ ಚಪ್ಪಲಿ ಬಿಟ್ಟು ಕೂರುತ್ತಿದ್ದರು.

4. ಫ್ರೇಮ್ ಬಿಚ್ಚಿ ಅಂಚು ನೋಡಿ. ಮಗುವನ್ನು ಹಿಡಿದುಕೊಂಡ ಕೆಲಸದವಳ ಅರ್ಧ ತೋಳು ಅಲ್ಲೇ ಇರಬಹುದು.

ನಮ್ಮ ಮುತ್ತಜ್ಜನ ಫೋಟೋದಲ್ಲಿ ಕೋಟಿನ ತೋಳು ಬೆರಳುಗಳನ್ನೇ ನುಂಗಿದೆ. ಹೊರಗೆ ಕಾಣುವುದು ಒಂದು ಹೆಬ್ಬೆರಳು, ಅದರ ಉಗುರು ಉದ್ದಕ್ಕೂ ಸೀಳಿದೆ. ಗ್ರೂಪಿನಲ್ಲಿ ಅವರು ಇನ್ನೂ ಜಮೀನ್ದಾರರೇ.