ಹಳೆಯ ಹಟ್ಟಿಗೆ ನೆಲದಡಿ ಕರೆಂಟ್ ತಂದದ್ದು

ನಮ್ಮದು ಉಡುಪಿಯ ಹಿರಿಯಡಕ ಕಡೆ ಹಂಚಿನ ಮನೆ. ಮನೆಯಿಂದ 40 ಮೀಟರ್ ಆಚೆ, ಬಾವಿ ದಾಟಿದರೆ ಹಳೆಯ ಹಟ್ಟಿ. ದನ ಸಾಕುವುದು ಬಿಟ್ಟ ಮೇಲೆ ಅದೇ ಕಾರ್ ಶೆಡ್. ವಾಷಿಂಗ್ ಮೆಷಿನ್ ಕೂಡ ಅಲ್ಲೇ. ಕರೆಂಟ್ ಮಾತ್ರ ಹಳೆಯ ಕಾಲದ್ದೇ. ಎರಡು ವಯರು ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡು ಹೋಗುತ್ತಿದ್ದವು.

ಆಟಿ ತಿಂಗಳ (ಜುಲೈ-ಆಗಸ್ಟ್ ಮಳೆಯ ಕಾಲ) ಒಂದು ಸಂಜೆ ಒದ್ದೆ ಕೈಯಲ್ಲಿ ಅಮ್ಮ ಮೆಷಿನ್ ಮುಟ್ಟಿದರು. ಒಮ್ಮೆಲೇ ಹಿಂದಕ್ಕೆ ಬಿದ್ದರು. ಮೊಣಕೈ ಜಜ್ಜಿತು, ಪುಣ್ಯಕ್ಕೆ ಬೇರೇನೂ ಆಗಲಿಲ್ಲ. ರಾತ್ರಿಯೇ ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಅಲ್ಲಿನ ಸಾಕೆಟ್ ಬಿಚ್ಚಿದೆ. ಒಳಗೆ ಒಂದು ಇಂಚಿನ ತಾಮ್ರದ ತುಂಡು, ಹಸಿರು ಕಿಲುಬು ಹಿಡಿದಿತ್ತು. ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಯಾರೋ ಜೋಡಿಸಿದ್ದರು. ನ್ಯೂಟ್ರಲ್ ಅಂದರೆ ಕರೆಂಟ್ ವಾಪಸ್ ಹೋಗುವ ವಯರ್, ಅರ್ತ್ ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವಯರ್. ಅರ್ತ್ ವಯರ್ ಅಲ್ಲಿಗೆ ಬಂದೇ ಇರಲಿಲ್ಲ, ಅದಕ್ಕೆ ಈ ಉಪಾಯ. ನ್ಯೂಟ್ರಲ್ ಸರಿ ಇರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಮಳೆಗೆ ಮರದ ಮೇಲಿನ ನ್ಯೂಟ್ರಲ್ ಜಾಯಿಂಟ್ ಕಳಚಿತ್ತು. ವಾಪಸ್ ಹೋಗಲು ದಾರಿ ಇಲ್ಲದ ಕರೆಂಟ್ ಆ ತುಂಡಿನ ಮೂಲಕ ಮೆಷಿನ್ನಿನ ಮೈಗೇ ಬಂತು. ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಮಾಡಿದ್ದರೆ ದಯವಿಟ್ಟು ಇವತ್ತೇ ತೆಗೆಸಿ.

ಹೇಗೂ ಎಲೆಕ್ಟ್ರಿಕ್ ಕಾರು ತಗೊಳ್ಳುವ ಯೋಚನೆ ಇತ್ತು. ನಮ್ಮ ಮಂಜೂರಾದ ಲೋಡ್ 2 ಕಿಲೋವ್ಯಾಟ್, ಸಿಂಗಲ್ ಫೇಸ್, ಪಿಂಗಾಣಿ ಫ್ಯೂಸ್. ಎಲ್ಲವನ್ನೂ ಒಟ್ಟಿಗೇ ಸರಿ ಮಾಡಿಬಿಡೋಣ ಅಂತ ಕೂತೆ.

ಮೊದಲು ಲೆಕ್ಕ ಹಾಕಿದೆ. 7.2 ಕಿಲೋವ್ಯಾಟಿನ ಚಾರ್ಜರ್ ಹಾಕಿಸಿ ಅಂತ ಎಲ್ಲರೂ ಹೇಳಿದರು. ಅದೊಂದೇ 32 ಆಂಪಿಯರ್ ಎಳೆಯುತ್ತದೆ. ನನಗೆ ಅಷ್ಟು ಅವಸರ ಇಲ್ಲ. 3.3 ಕಿಲೋವ್ಯಾಟಿನ ಸಾಮಾನ್ಯ ಚಾರ್ಜರ್ ರಾತ್ರಿ 9 ಗಂಟೆ ಓಡಿದರೆ ಸುಮಾರು 30 ಯೂನಿಟ್. ದಿನಾ ಉಡುಪಿಗೆ ಹೋಗಿ ಬರುವವನಿಗೆ ಅದೇ ಜಾಸ್ತಿ, ಅಲ್ವಾ? ಪಂಪು, ಒಂದು ಏಸಿ ಎಲ್ಲ ಸೇರಿಸಿ 7 ಕಿಲೋವ್ಯಾಟ್ ತ್ರೀ ಫೇಸ್‌ಗೆ ಮೆಸ್ಕಾಂಗೆ ಅರ್ಜಿ ಕೊಟ್ಟೆ. ಮಂಜೂರಾದ ಪ್ರತಿ ಕಿಲೋವ್ಯಾಟಿಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಇರುತ್ತದೆ. ಸುಮ್ನೆ ಜಾಸ್ತಿ ಕೇಳಬೇಡಿ.

ಒಂದು ಮಾತು ಸ್ಪಷ್ಟ ಹೇಳುತ್ತೇನೆ. ಕಣಿ ತೋಡಿದ್ದು, ಕೇಬಲ್ ಇಟ್ಟದ್ದು, ಅರ್ತ್ ಗುಂಡಿ ಮಾಡಿದ್ದು ನಾನು. ಬೋರ್ಡಿನೊಳಗಿನ ಜೋಡಣೆ, ಟೆಸ್ಟ್ ರಿಪೋರ್ಟ್ ಎಲ್ಲ ಲೈಸೆನ್ಸ್ ಇರುವ ಕಂಟ್ರಾಕ್ಟರರದ್ದು. ಆ ರಿಪೋರ್ಟ್ ಇಲ್ಲದೆ ಮೆಸ್ಕಾಂನಲ್ಲಿ ಕಡತ ಮುಂದೆ ಹೋಗುವುದಿಲ್ಲ. ಮೀಟರ್ ಸೀಲ್, ಕಂಬದಿಂದ ಬರುವ ಲೈನ್ ನಾವು ಮುಟ್ಟುವ ವಸ್ತುವೇ ಅಲ್ಲ.

ಕೇಬಲ್ ವಿಷಯದಲ್ಲಿ ಅಂಗಡಿಯಲ್ಲಿ ಸ್ವಲ್ಪ ಚರ್ಚೆ ಆಯಿತು. 16 ಆಂಪಿಯರಿಗೆ 2.5 ಚದರ ಮಿಲಿಮೀಟರ್ ಸಾಕು ಎಂದರು. ಬಿಸಿಯ ಲೆಕ್ಕದಲ್ಲಿ ಸಾಕು. ಆದರೆ ಹೋಗಿ ಬರುವ ದಾರಿ 80 ಮೀಟರ್. ಅಷ್ಟರಲ್ಲಿ ಒಂಬತ್ತೂವರೆ ವೋಲ್ಟ್ ಸೋರಿಹೋಗುತ್ತದೆ. ಬೇಸಿಗೆಯ ಸಂಜೆ ನಮ್ಮಲ್ಲಿ ಮೊದಲೇ ವೋಲ್ಟೇಜ್ ಕಡಿಮೆ. 6 ಚದರ ಮಿಲಿಮೀಟರ್ ತಾಮ್ರದಲ್ಲಿ ಅದೇ ನಷ್ಟ 4 ವೋಲ್ಟ್. ಅದನ್ನೇ ತಂದೆ, ಮೂರು ಕೋರ್ (ಒಳಗೆ ಮೂರು ವಯರ್), ಆರ್ಮರ್ಡ್ (ಹೊರಗೆ ಲೋಹದ ಕವಚ). ಮೂರನೆಯ ಕೋರ್ ಅರ್ತಿಗೆ.

ಮಳೆಗೆ ಮೊದಲು, ಪತ್ತನಾಜೆಯೊಳಗೆ (ಮೇ ಕೊನೆಯ ಹೊತ್ತಿನ ತುಳುನಾಡಿನ ದಿನ) ಕಣಿ ಮುಚ್ಚಬೇಕು ಅಂತ ಏಪ್ರಿಲ್‌ನಲ್ಲೇ ಹಾರೆ, ಪಿಕ್ಕಾಸು ಹಿಡಿದೆ. ಮುಕ್ಕಾಲು ಮೀಟರ್ ಆಳ ಬೇಕು. ಮುರಕಲ್ಲಿನ ನೆಲ ಅಷ್ಟು ಸುಲಭಕ್ಕೆ ಬಿಡುತ್ತದೆಯೇ! ದಿನಕ್ಕೆ ಐದಾರು ಮೀಟರ್ ಆದರೆ ದೊಡ್ಡದು. ಬಾವಿಯ ಹತ್ತಿರ ಒಂದೂವರೆ ಅಡಿಗೇ ಹಾಸುಕಲ್ಲು ಸಿಕ್ಕಿತು. ಅಲ್ಲಿ ಕೇಬಲನ್ನು ಜಿಐ ಪೈಪಿನೊಳಗೆ ತೂರಿಸಿ, ಮೇಲೆ ಕಾಂಕ್ರೀಟ್ ಹಾಕಿದೆ. ಉಳಿದ ಕಡೆ ಅಡಿಯಲ್ಲಿ ಮರಳು, ಕೇಬಲ್, ಮತ್ತೆ ಮರಳು. ಅದರ ಮೇಲೆ ಹಟ್ಟಿಯ ಮಾಡಿನಿಂದ ಇಳಿಸಿದ್ದ ಹಳೆಯ ಮಂಗಳೂರು ಹಂಚನ್ನು ಸಾಲಾಗಿ ಜೋಡಿಸಿದೆ. ನಾಳೆ ಯಾರಾದರೂ ಬಾಳೆ ನೆಡಲು ಅಗೆದರೆ ಮೊದಲು ಹಂಚು ಟಣ್ ಅನ್ನಬೇಕು. ಅದಕ್ಕೂ ಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ.

ಈಗ ಅರ್ತಿಂಗ್. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ಕಂಟ್ರಾಕ್ಟರ್ ಮೀಟರ್ ತಂದು ಮನೆಯ ಹಳೆಯ ಅರ್ತ್ ಅಳೆದಾಗ 18 ಓಮ್ ಬಂತು. ಇದು ನೆಲ ಕರೆಂಟಿಗೆ ಒಡ್ಡುವ ತಡೆ, ಕಡಿಮೆ ಇದ್ದಷ್ಟು ಒಳ್ಳೆಯದು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. 230ನ್ನು 18ರಿಂದ ಭಾಗಿಸಿ ನೋಡಿ. ಹದಿಮೂರು ಆಂಪಿಯರ್ ಕೂಡ ಇಲ್ಲ. ಫೇಸ್ ವಯರ್ ಮೆಷಿನ್ನಿನ ಮೈಗೆ ತಾಗಿದರೂ 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಬೀಳುವುದಿಲ್ಲ! ಫ್ಯೂಸ್ ಇದೆಯಲ್ಲ, ಅರ್ತ್ ಇದೆಯಲ್ಲ ಅಂತ ನಾವು ಇಷ್ಟು ವರ್ಷ ಧೈರ್ಯದಲ್ಲಿದ್ದೆವು. ಆ ಲೆಕ್ಕ ಮಾಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಹೊಸ ಗುಂಡಿ ಎರಡು ಮಾಡಿದೆ. ಜಾಗ ಹುಡುಕಿಕೊಟ್ಟದ್ದು ಅಮ್ಮ. ಬಚ್ಚಲ ನೀರು ಹೋಗುವ ಬಾಳೆ ಬುಡದ ಪಕ್ಕ, ಅಲ್ಲಿ ಮಾರ್ಚಿನಲ್ಲೂ ಮಣ್ಣು ಹಸಿ. ಮೂರು ಮೀಟರಿನ ರಾಡ್ ಎರಡು, ಒಂದಕ್ಕೊಂದು ಮೂರೂವರೆ ಮೀಟರ್ ದೂರ. ಉಪ್ಪು, ಇದ್ದಿಲು ತುಂಬುವುದು ರೂಢಿ. ಆದರೆ ನಮ್ಮ ಮಳೆಗೆ ಉಪ್ಪು ತೊಳೆದುಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಹಾಗಾಗಿ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಯ ಪುಡಿಯನ್ನು ಗಂಜಿಯ ಹದಕ್ಕೆ ಕಲಸಿ ಸುತ್ತ ಸುರಿದೆ. ಹದಿನೈದು ದಿನ ಬಿಟ್ಟು ಅಳೆದರೆ 4.6 ಓಮ್.

ಅಷ್ಟಾದರೂ ಆರ್‌ಸಿಸಿಬಿ ಬೇಕೇ ಬೇಕು. ಹೋದ ಕರೆಂಟ್ ಅಷ್ಟೂ ವಾಪಸ್ ಬಾರದೆ ಎಲ್ಲೋ ಸೋರಿದರೆ ತಕ್ಷಣ ಬಿದ್ದು ಲೈನ್ ಕಡಿಯುವ ಸ್ವಿಚ್ ಅದು. ಮನೆಗೆ ಒಂದು, ಶೆಡ್ಡಿಗೆ ಬೇರೆ ಒಂದು, ಎರಡೂ 30 ಮಿಲಿಆಂಪಿಯರ್. ಕಾರಿನ ಚಾರ್ಜರಿಗೆ ಡಿಸಿ ಮಿಡಿತದ ಸೋರಿಕೆಯನ್ನೂ ಗುರುತಿಸುವ ಎ ಟೈಪ್ ಕೇಳಿ ತನ್ನಿ. ಸಿಡಿಲಿನ ಊರು ನಮ್ಮದು, ಮೇನ್ ಬೋರ್ಡಿಗೆ ದಿಢೀರ್ ವೋಲ್ಟೇಜ್ ಏರಿಕೆ ತಡೆಯುವ ಎಸ್‌ಪಿಡಿ ಕೂಡ ಹಾಕಿಸಿದೆ.

ಮೊದಲ ದಿನ ಶೆಡ್ಡಿನ ಆರ್‌ಸಿಸಿಬಿ ಆನ್ ಆಗಿಯೇ ಉಳಿಯಿತು, ಮನೆಯದ್ದು ಉಳಿಯಲಿಲ್ಲ. ಆನ್ ಮಾಡಿದ ಕೂಡಲೇ ಟಪ್ ಅಂತ ಬೀಳುತ್ತಿತ್ತು. ತೆಗೆದುಬಿಡೋಣವೇ ಎಂದು ಕಂಟ್ರಾಕ್ಟರರ ಹುಡುಗ ಕೇಳಿದ. ಬೇಡ ಎಂದು ಒಂದೊಂದೇ ಲೈನ್ ಬಿಡಿಸುತ್ತಾ ಹೋದೆವು. ಅಡುಗೆಮನೆಯ ಮಿಕ್ಸಿ ಸಾಕೆಟ್ಟಿನಲ್ಲಿ ಸಿಕ್ಕಿತು. ಅದೇ ಒಂದು ಇಂಚಿನ ತುಂಡು, ಅದೇ ಜೋಡಣೆ. ನ್ಯೂಟ್ರಲಿನ ಕರೆಂಟ್ ಅದರ ಮೂಲಕ ಅರ್ತಿಗೆ ಸೋರುತ್ತಿತ್ತು. ತೆಗೆದ ಮೇಲೆ ಬೀಳಲಿಲ್ಲ.

ಈಗ ಪ್ರತಿ ಸಂಕ್ರಮಣಕ್ಕೆ ಎರಡರ ಟೆಸ್ಟ್ ಬಟನ್ ಒತ್ತುತ್ತೇನೆ. ಮರೆತರೆ ಅಮ್ಮನೇ ನೆನಪಿಸುತ್ತಾರೆ. ಬಾವಿಯ ಪಂಪಿನ ಹಳೆಯ ಲೈನ್ ಇನ್ನೂ ಬದಲಾಗಿಲ್ಲ. ಕೇಬಲ್ ಸುರುಳಿ ತಂದು ಜಗಲಿಯಲ್ಲಿಟ್ಟಿದ್ದೇನೆ. ಈ ಸಲದ ಪತ್ತನಾಜೆಯೊಳಗೆ ಅದೂ ನೆಲದಡಿಗೆ ಹೋಗಬೇಕು.