ಗಿನಿಪಿಗ್ ಮನಸ್ಸು ತಿಳಿಯುವುದು ಹೇಗೆ?

ಗಿನಿಪಿಗ್ ಸಾಕಿದವರ ಮನೆಗೆ ಹೋದರೆ ಈ ಮಾತು ಕೇಳುತ್ತೀರಿ: 'ಎತ್ತಿಕೊಂಡರೆ ಎಷ್ಟು ಸಾಧುವಾಗಿ ಕೂರುತ್ತೆ ನೋಡಿ!' ಎಷ್ಟೋ ಸಲ ಅದು ಸಾಧುತನವಲ್ಲ, ಭಯ. ಗಿನಿಪಿಗ್‌ನ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಸೀಮೆ. ದೊಡ್ಡ ಪ್ರಾಣಿ, ಪಕ್ಷಿಗಳಿಗೆ ಬೇಟೆಯಾಗುತ್ತಿದ್ದ ವಂಶ ಇದು. ಅಪಾಯ ಎನಿಸಿದರೆ ಅಲುಗಾಡದೆ ನಿಂತುಬಿಡುತ್ತದೆ. ಅದರ ನಿಜವಾದ ಸ್ವಭಾವ ಕಾಣಬೇಕೆಂದರೆ ಮೊದಲು ಈ ಭಯ ಕಳೆಯಬೇಕು.

ಶುರು ಮಾಡುವುದು ಗೂಡಿನಿಂದ. ಟಿವಿ, ಮಿಕ್ಸಿ ಸದ್ದಿನಿಂದ ದೂರ, ಆದರೆ ಮನೆಯವರು ಕಣ್ಣಿಗೆ ಬೀಳುವ ಕಡೆ ಇಡಿ. ಅವಿತುಕೊಳ್ಳಲು ರಟ್ಟಿನ ಪೆಟ್ಟಿಗೆ ಬೇಕೇ ಬೇಕು.

ಎರಡನೆಯದು ಕೈ ಪರಿಚಯ. ಮೇಲಿನಿಂದ ಕೈ ಹಾಕಬೇಡಿ. ಹದ್ದು ಎರಗುವುದೂ ಹಾಗೇ ಅಲ್ವಾ? ನೆಲದ ಮೇಲೆ ಕೂತು, ಅಂಗೈಯಲ್ಲಿ ಕೊತ್ತಂಬರಿ ಹಿಡಿದು ಕಾಯಿರಿ. ತಾನಾಗಿ ಹತ್ತಿರ ಬರಲಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಬೇಕು.

ಇನ್ನು ಮಾತು ಕಲಿಯಿರಿ. ನನಗೆ ತುಂಬಾ ಇಷ್ಟದ ಭಾಗ ಇದೇ. ಫ್ರಿಜ್ ಬಾಗಿಲು, ಸೊಪ್ಪಿನ ಕವರ್ ಸದ್ದಾದರೆ ಸಾಕು, 'ವೀಕ್ ವೀಕ್' ಎಂದು ಮನೆಯನ್ನೇ ಎಬ್ಬಿಸುತ್ತದೆ. ಈ ಕೂಗು ಹೆಚ್ಚಾಗಿ ಮನುಷ್ಯರಿಗಾಗಿಯೇ. ಮೈ ಸಡಿಲ ಬಿಟ್ಟು ಮೆತ್ತಗೆ 'ಗುರ್‍ರ್' ಎಂದರೆ ನೆಮ್ಮದಿ. ಸೊಂಟ ತೂಗುತ್ತಾ ನಿಧಾನಕ್ಕೆ ನಡೆದು ಗುರುಗುಟ್ಟಿದರೆ ಜೊತೆಗಾತಿಯನ್ನು ಒಲಿಸುತ್ತಿದೆ, ಇಲ್ಲವೇ ಯಜಮಾನಿಕೆ ತೋರಿಸುತ್ತಿದೆ. ಹಲ್ಲು ಕಟಕಟ ಎಂದರೆ ಸಿಟ್ಟು. ಆಗ ಕೈ ಹಿಂದೆಗೆಯಿರಿ. ಸವರುವಾಗ ತಲೆ ಕೊಡವಿದರೆ 'ಸಾಕು ಬಿಡಿ' ಎಂದರ್ಥ. ಖುಷಿ ಜಾಸ್ತಿಯಾದಾಗ ನಿಂತಲ್ಲೇ ಚಂಗನೆ ನೆಗೆದು, ಗಾಳಿಯಲ್ಲೇ ಮೈ ತಿರುಚಿ, ಮತ್ತೆ ಓಡುತ್ತದೆ. ಸಾಕುವವರು ಇದನ್ನು ಪಾಪ್‌ಕಾರ್ನಿಂಗ್ ಎನ್ನುತ್ತಾರೆ. ಮರಿಗಳಲ್ಲಿ ಇದು ಹೆಚ್ಚು.

ತನ್ನದೇ ಮೆತ್ತನೆಯ ಹಿಕ್ಕೆ ತಿನ್ನುವುದನ್ನು ಕಂಡು ಗದರಬೇಡಿ. ಅದರಲ್ಲಿ ಉಳಿದ ಪೋಷಕಾಂಶ ಮತ್ತೆ ಮೈಗೆ ಸೇರಬೇಕು.

ಒಂಟಿಯಾಗಿ ಸಾಕುವುದು ಬೇಡವೇ ಬೇಡ. ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಕಾನೂನೇ ಇದಕ್ಕೆ ಒಪ್ಪುವುದಿಲ್ಲ. ಎರಡು ಹೆಣ್ಣು ಜೊತೆಗಿದ್ದರೆ ಸುಲಭ. ಇಬ್ಬರ ಸ್ವಭಾವವೂ ಬೇರೆಯೇ: ಒಂದು ಸೊಪ್ಪು ಕಸಿಯುತ್ತದೆ, ಇನ್ನೊಂದು ಮೂಲೆಗೆ ಒಯ್ದು ತಿನ್ನುತ್ತದೆ.

ಆಹಾರದಲ್ಲಿ ಮುಖ್ಯ ಒಣಹುಲ್ಲು. ಅದು ದಿನವಿಡೀ ಸಿಗಬೇಕು. ಹಲ್ಲು ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೆ ಸವೆಯುತ್ತದೆ. ನಮ್ಮ ಹಾಗೆಯೇ ಅದರ ದೇಹಕ್ಕೂ ವಿಟಮಿನ್ ಸಿ ತಯಾರಿಸಲು ಬರುವುದಿಲ್ಲ. ದಿನಾ ಒಂದು ತುಂಡು ದಪ್ಪ ಮೆಣಸಿನಕಾಯಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಕೊಡಬೇಡಿ.

ಕಾಯಿಲೆ ಬಂದರೂ ಗಿನಿಪಿಗ್ ತೋರಿಸಿಕೊಳ್ಳುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ, ಬರೆದಿಡಿ. ಅರ್ಧ ದಿನ ಏನೂ ತಿನ್ನದಿದ್ದರೆ 'ನಾಳೆ ನೋಡೋಣ' ಎನ್ನದೆ ಅಂದೇ ಪಶುವೈದ್ಯರ ಬಳಿ ಒಯ್ಯಿರಿ.