ಚುಚ್ಚುಮದ್ದು ತಾಯಿ ಮೀನಿಗೆ

ಕಳೆದ ವರ್ಷ ಮೇ ತಿಂಗಳಲ್ಲಿ ಜಗಳೂರು ಕಡೆಯಿಂದ ಇಬ್ಬರು ಮೀನುಮರಿ ಮಾಡುವ ನಮ್ಮ ಹ್ಯಾಚರಿಗೆ ಬಂದಿದ್ದರು. ಕೆರೆಯೊಂದನ್ನು ಮೀನಿನ ಗುತ್ತಿಗೆ ಹಿಡಿದವರು. ಹಿರಿಯರು ನೀರು ಕುಡಿದು ಲೋಟ ಕೆಳಗಿಡುತ್ತಲೇ ಕೇಳಿದರು: "ನೀವು ಮೀನಿಗೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತೀರಂತೆ. ನಮ್ಮ ಕೆರೆಯ ಮೀನಿಗೂ ಕೊಟ್ಟರೆ ಬೇಗ ತೂಕ ಬರುತ್ತದೆಯೇ?"

"ಕೊಡುವುದು ನಿಜ ಯಜಮಾನರೇ. ಆದರೆ ತಾಯಿ ಮೀನಿಗೆ. ನೀವು ಮಾರುವ ಮೀನಿಗಲ್ಲ" ಎಂದೆ.

ಅವರ ಮುಖ ಸಪ್ಪಗಾಯಿತು. ಹಾಗಾದರೆ ಕೆರೆಯ ಮೀನಿಗೆ ಇದರಿಂದ ಏನು ಲಾಭ ಎಂಬ ಪ್ರಶ್ನೆ ಅಲ್ಲೇ ಉಳಿಯಿತು. ಲಾಭ ಇರುವುದು ತಿಂಗಳುಗಳ ಲೆಕ್ಕದಲ್ಲಿ. ಸೂಳೆಕೆರೆಯಂಥ ದೊಡ್ಡ ಕೆರೆಯ ಮಾತು ಬೇರೆ. ಜಗಳೂರು, ಚಳ್ಳಕೆರೆ ಕಡೆಯ ಮಳೆಯಾಶ್ರಿತ ಕೆರೆಗಳಲ್ಲಿ ಮಾರ್ಚ್ ಬಂದರೆ ನೀರು ತಳ ಸೇರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಮರಿ ಬಿಟ್ಟವರಿಗೆ ಸಿಗುವುದು ಬರೀ ಆರು ತಿಂಗಳು, ಅದರಲ್ಲೂ ಎರಡು ತಿಂಗಳು ಚಳಿಗಾಲ. ಚಳಿಯಲ್ಲಿ ಮೀನು ಸರಿಯಾಗಿ ಮೇಯುವುದಿಲ್ಲ. ಮಳೆ ಬಿದ್ದ ಕೂಡಲೇ ಬೆರಳುದ್ದದ ಮರಿ ಕೈಯಲ್ಲಿರಬೇಕು. ಅದು ಆಗಸ್ಟ್‌ಗೆ ಸಿಗಬೇಕಾದರೆ ಜೂನ್ ಮೊದಲ ವಾರದಲ್ಲೇ ತಾಯಿ ಮೊಟ್ಟೆ ಇಡಬೇಕು.

ನಾವು ಸಾಕುವ ಗೆಂಡೆ ಜಾತಿಯ ಕಾಟ್ಲಾ, ರೋಹು, ಮೃಗಾಲ್ ಹೊಳೆಯ ಮೀನುಗಳು. ಕೊಳದ ನಿಂತ ನೀರಿನಲ್ಲಿ ಹೊಟ್ಟೆ ತುಂಬ ಮೊಟ್ಟೆ ಕಟ್ಟಿಕೊಳ್ಳುತ್ತವೆ, ಆದರೆ ಹೊರಗೆ ಬಿಡುವುದಿಲ್ಲ. ಹೊಸ ನೀರು, ಪ್ರವಾಹ ಕಂಡಾಗ ಮಿದುಳಿನಿಂದ ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಹೋಗಬೇಕಾದ ಸೂಚನೆ ಇಲ್ಲಿ ಹೋಗುವುದೇ ಇಲ್ಲ. ಈ ಬೀಗ ತೆಗೆದವರು ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಅಲಿಕುಂಞಿ. 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಆ ಕಾಲದಲ್ಲಿ ಬೇರೆ ಮೀನಿನ ತಲೆಯಿಂದ ಗ್ರಂಥಿ ತೆಗೆದು, ಆಲ್ಕೋಹಾಲ್‌ನಲ್ಲಿಟ್ಟು, ಅರೆದು, ಹೆಣ್ಣಿಗೆ ಆರು ಗಂಟೆ ಅಂತರದಲ್ಲಿ ಎರಡು ಸಲ ಚುಚ್ಚಬೇಕಿತ್ತು. ನಾನು ಬಳಸುವುದು ಸಿದ್ಧ ಔಷಧ, ಒಂದೇ ಚುಚ್ಚು. ಅದರಲ್ಲಿರುವ ಕೃತಕ ಹಾರ್ಮೋನ್ ಗ್ರಂಥಿಯನ್ನು ಎಬ್ಬಿಸುತ್ತದೆ. ಜೊತೆಗಿರುವ ಡೊಂಪೆರಿಡೋನ್ ಎಂಬ ಔಷಧ, ಗ್ರಂಥಿಯನ್ನು ತಡೆಯುವ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕವನ್ನು ಸುಮ್ಮನಾಗಿಸುತ್ತದೆ.

ಮೋಡ ಕವಿದ ಸಂಜೆಯೇ ಈ ಕೆಲಸಕ್ಕೆ ಚೆನ್ನ. ಒದ್ದೆ ಗೋಣಿಯ ಮೇಲೆ ಮೀನು ಮಲಗಿಸಿ ಮೊದಲು ಎದೆಯ ಈಜುರೆಕ್ಕೆಯ ಒಳಬದಿಗೆ ಬೆರಳಾಡಿಸುತ್ತೇನೆ. ಗಂಡಾದರೆ ಬೆಕ್ಕಿನ ನಾಲಿಗೆಯಂತೆ ಒರಟು, ಹೆಣ್ಣಾದರೆ ನುಣುಪು. ಗಂಡಿನ ಹೊಟ್ಟೆ ಮೆಲ್ಲಗೆ ಒತ್ತಿದರೆ ಹಾಲಿನಂಥ ಹನಿ ಬರಬೇಕು. ಹೆಣ್ಣಿನ ಹೊಟ್ಟೆ ಮೆತ್ತಗೆ ಉಬ್ಬಿರಬೇಕು, ಗುದದ್ವಾರ ಕೆಂಪಗೆ ಊದಿರಬೇಕು. ಔಷಧದ ಅಳತೆ ಮೀನಿನ ತೂಕದ ಮೇಲೆ: ರೋಹು ಹೆಣ್ಣಿಗೆ ಕೆ.ಜಿ.ಗೆ 0.3ರಿಂದ 0.4 ಮಿ.ಲೀ., ಕಾಟ್ಲಾ ಹೆಣ್ಣಿಗೆ 0.4ರಿಂದ 0.5, ಗಂಡಿಗೆ 0.1ರಿಂದ 0.2. ಬೆನ್ನಿನ ರೆಕ್ಕೆಯ ಬುಡದ ಬಳಿ, ಹುರುಪೆಯ ಕೆಳಗಿನಿಂದ ಸೂಜಿ ಓರೆಯಾಗಿ ಹೋಗಬೇಕು. ಒಂದು ಹೆಣ್ಣಿಗೆ ಎರಡು ಗಂಡಿನಂತೆ ದುಂಡನೆಯ ತೊಟ್ಟಿಗೆ ಬಿಟ್ಟು ನೀರು ಸುತ್ತುವಂತೆ ಮಾಡುತ್ತೇನೆ.

ಜೂನ್‌ನಲ್ಲಿ ಭದ್ರಾ ನಾಲೆ ಬಂದ್ ಇರುತ್ತದೆ, ಬೋರ್‌ವೆಲ್ ನೀರೇ ಗತಿ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಿಂದಿನ ದಿನವೇ ತುಂಬಿಸಿ, ಮೇಲಿನಿಂದ ತುಂತುರಾಗಿ ಬೀಳಿಸಿಯೇ ಬಳಸಬೇಕು.

ಮೊದಲ ವರ್ಷ ನಾನು ಅವಸರಪಟ್ಟೆ. ಒಂದು ರೋಹು ಹೆಣ್ಣಿನ ಹೊಟ್ಟೆ ಇನ್ನೂ ಗಟ್ಟಿಯಾಗಿತ್ತು. ಔಷಧ ಸ್ವಲ್ಪ ಹೆಚ್ಚು ಕೊಟ್ಟರೆ ಸರಿಹೋದೀತು ಎಂದುಕೊಂಡೆ. ಬೆಳಿಗ್ಗೆ ಅದು ಓರೆಯಾಗಿ ತೇಲುತ್ತಿತ್ತು, ಮಧ್ಯಾಹ್ನಕ್ಕೆ ಸತ್ತಿತು. ಹೊಟ್ಟೆ ಸೀಳಿದಾಗ ಮೊಟ್ಟೆಗಳೆಲ್ಲ ಒಂದಕ್ಕೊಂದು ಅಂಟಿ ಗಡ್ಡೆಯಾಗಿದ್ದವು. ಮೂರು ವರ್ಷ ಸಾಕಿದ ಮೀನು. ಹೊಟ್ಟೆಯ ಮೊಟ್ಟೆ ಬಲಿಯದೆ ಹಾರ್ಮೋನ್ ಕೆಲಸ ಮಾಡುವುದಿಲ್ಲ ಎಂದು ಹೇಳಿಕೊಟ್ಟವರಿದ್ದರು, ನಾನು ಕಿವಿಗೊಟ್ಟಿರಲಿಲ್ಲ. ಈಗ ಡಿಸೆಂಬರ್‌ನಿಂದಲೇ ತಾಯಿ ಮೀನುಗಳನ್ನು ಬೇರೆ ಕೊಳದಲ್ಲಿಟ್ಟು ಶೇಂಗಾ ಹಿಂಡಿ, ಅಕ್ಕಿ ತೌಡು ಹಾಕಿ ಸಿದ್ಧಮಾಡುತ್ತೇನೆ.

ಸಂಜೆ ಚುಚ್ಚಿದರೆ ನಸುಕಿನ ಹೊತ್ತಿಗೆ ನೀರು ಬಡಿಯುವ ಸದ್ದು ಕೇಳುತ್ತದೆ. ಟಾರ್ಚ್ ಹಾಕಿ ನೋಡಿದರೆ ತೊಟ್ಟಿಯ ತುಂಬ ಸಾಬೂದಾಣಿಯಂಥ ಮೊಟ್ಟೆಗಳು ತಿರುಗುತ್ತಿರುತ್ತವೆ. ಎಷ್ಟು ವರ್ಷವಾದರೂ ಆ ನೋಟಕ್ಕೆ ಮೈ ಜುಮ್ಮೆನ್ನುತ್ತದೆ. ಮುಕ್ಕಾಲು ದಿನದೊಳಗೆ ಮರಿ ಹೊರಬರುತ್ತದೆ, ಮೂರು ದಿನಕ್ಕೆ ನರ್ಸರಿ ಕೊಳಕ್ಕೆ ಹೋಗುತ್ತದೆ.

ಇನ್ನು ಮೇವಿಗೆ ಬೆರೆಸುವ "ಬೆಳವಣಿಗೆ ಹಾರ್ಮೋನ್" ಪುಡಿಯ ವಿಷಯ. ಡಬ್ಬಿ ಹಿಡಿದು ನನ್ನಲ್ಲಿಗೂ ಒಬ್ಬರು ಬಂದಿದ್ದರು. ಒಳಗೇನಿದೆ ಎಂದು ಡಬ್ಬಿಯ ಮೇಲೆ ಬರೆದಿರಲಿಲ್ಲ, ನಾನು ಕೊಳ್ಳಲಿಲ್ಲ. ನಿಜವಾದ ಬೆಳವಣಿಗೆ ಹಾರ್ಮೋನ್ ಒಂದು ಪ್ರೋಟೀನ್. ಮೇವಿನಲ್ಲಿ ಕೊಟ್ಟರೆ ಬಹುಪಾಲು ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ತಿಲಾಪಿಯ ಎಂಬ ಮೀನಿನ ಮರಿಗಳಿಗೆ ಮೊದಲ ಮೂರು ನಾಲ್ಕು ವಾರ ಮೀಥೈಲ್ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನ್ ಬೆರೆಸಿದ ಮೇವು ಕೊಟ್ಟು ಎಲ್ಲವನ್ನೂ ಗಂಡು ಮಾಡುವ ಪದ್ಧತಿ ಇದೆ. ಅಲ್ಲಿ ಗಂಡು ಬೇಗ ಬೆಳೆಯುತ್ತದೆ, ಮರಿ ಹಾಕಿ ಕೊಳ ತುಂಬುವ ಕಾಟವೂ ತಪ್ಪುತ್ತದೆ. ಆದರೆ ತಿಲಾಪಿಯ ಸಾಕಲು ಅನುಮತಿ ಬೇಕು. ಆ ಹಾರ್ಮೋನನ್ನು ಬರಿಗೈಯಲ್ಲಿ ಕಲಸುವುದು ಕಲಸುವವರಿಗೇ ಅಪಾಯ. ನಮ್ಮ ಗೆಂಡೆ ಮೀನುಗಳಿಗೆ ಅದರ ಗೊಡವೆಯೇ ಬೇಡ.

ಜಗಳೂರಿನವರು ಅಂದು ಮುಂಗಡ ಕೊಟ್ಟು ಹೋದರು. ಆಗಸ್ಟ್ ಎರಡನೆಯ ವಾರ ಕೆರೆಗೆ ನೀರು ಬಂತೆಂದು ಫೋನ್ ಬಂತು. ಮರುದಿನ ನಸುಕಿನಲ್ಲೇ ಆಮ್ಲಜನಕ ತುಂಬಿದ ಚೀಲಗಳಲ್ಲಿ ಮರಿಗಳನ್ನು ಕಳಿಸಿದೆ. ಚೀಲವನ್ನು ಕಾಲು ಗಂಟೆ ಕೆರೆಯ ನೀರಿನಲ್ಲಿ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿ ಎಂದು ಹಿರಿಯರಿಗೆ ಎರಡೆರಡು ಸಲ ಹೇಳಿದೆ.